ಕೇಸರಿ ದಾಟದ ಗೆರೆ

ಗುಂಡಣ್ಣನವರ ಮನೆಯ ಗೇಟಿಗೆ ಚಿಲಕ ಇರಲಿಲ್ಲವೆಂದಲ್ಲ, ಅದನ್ನು ಹಾಕುವ ಕೈಗಳು ಇರಲಿಲ್ಲ. ಬೆಳಗ್ಗೆ ಹಾಲಿನವನು, ಅವನ ಹಿಂದೆ ಪೇಪರಿನವನು, ಆಮೇಲೆ ಸೊಪ್ಪಿನವಳು, ಗ್ಯಾಸ್ ಸಿಲಿಂಡರಿನವನು, ಕರೆಂಟು ಮೀಟರು ನೋಡುವವನು. ಬರುವಾಗ ಎಲ್ಲರೂ ಗೇಟು ತೆಗೆಯುತ್ತಿದ್ದರು, ಹೋಗುವಾಗ ಒಬ್ಬರಾದರೂ ಹಾಕಿಕೊಂಡು ಹೋದದ್ದಿಲ್ಲ. 'ನಾಯಿ ಇದೆ, ದಯವಿಟ್ಟು ಗೇಟು ಹಾಕಿ' ಎಂದು ಗುಂಡಣ್ಣನವರು ಬರೆಸಿ ತೂಗುಹಾಕಿದ ಬೋರ್ಡನ್ನು ಜನ ಗೇಟು ತೆರೆದಿಟ್ಟುಕೊಂಡೇ ಓದುತ್ತಿದ್ದರು.

ಹಾಗೆ ತೆರೆದಿದ್ದ ಗೇಟಿನಿಂದಲೇ ಅವರ ಮೊದಲನೆಯ ನಾಯಿ ಮೋತಿ ಒಂದು ದಿನ ಬೆಕ್ಕನ್ನು ಅಟ್ಟಿಸಿಕೊಂಡು ಓಡಿ, ಯಡಿಯೂರು ಕೆರೆಯ ಹತ್ತಿರದ ತಿರುವಿನಲ್ಲಿ ಮರಳು ಲಾರಿಗೆ ಸಿಕ್ಕಿಬಿಟ್ಟಿತು. ಗುಂಡಣ್ಣನವರು ಅದನ್ನು ಹೊದ್ದಿದ್ದ ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಮನೆಗೆ ಬಂದದ್ದನ್ನು ಅವರ ಹೆಂಡತಿ ಕಾತ್ಯಾಯಿನಿ ಮರೆತಿರಲಿಲ್ಲ. ಮಕ್ಕಳಿಲ್ಲದ ಮನೆ ಅದು. ಆಮೇಲೆ ಬಹಳ ಕಾಲ ಅಲ್ಲಿ ನಾಯಿಯ ಮಾತನ್ನು ಯಾರೂ ಎತ್ತಲಿಲ್ಲ.

ಎತ್ತದೆಯೇ ಬಂದದ್ದು ಕೇಸರಿ. ಮಳೆಗಾಲದಲ್ಲಿ ಮೋರಿಯಲ್ಲಿ ಸಿಕ್ಕಿಕೊಂಡು ಕಿರುಚುತ್ತಿದ್ದ ಮರಿಯನ್ನು ಗುಂಡಣ್ಣನವರು ಎತ್ತಿ ತಂದು, ಬಿಸಿನೀರಲ್ಲಿ ತೊಳೆದು ನೋಡಿದರೆ, ತುಪ್ಪ ಜಾಸ್ತಿಯಾದ ಕೇಸರಿಬಾತಿನ ಬಣ್ಣ. ಹೆಸರು ಹುಡುಕುವ ಕೆಲಸ ಉಳಿಯಲಿಲ್ಲ. ಕಾತ್ಯಾಯಿನಿ ಮಾತ್ರ ದೂರದಿಂದಲೇ ಹೇಳಿದ್ದರು, "ನೋಡ್ರೀ, ಸಾಕೋದಾದ್ರೆ ಸಾಕಿ. ಆದ್ರೆ ಇನ್ನೊಂದು ಸಲ ಶಾಲಲ್ಲಿ ಸುತ್ಕೊಂಡು ಮಾತ್ರ ಬರಬೇಡಿ. ನನ್ನ ಕೈಲಿ ಆಗಲ್ಲ."

ಗುಂಡಣ್ಣನವರು ಸರ್ವೆ ಇಲಾಖೆಯಲ್ಲಿ ಕಂಡವರ ಜಮೀನಿನ ಗಡಿ ಗುರುತಿಸುತ್ತಲೇ ಆಯಸ್ಸು ಕಳೆದು ನಿವೃತ್ತರಾದವರು. ಗೇಟನ್ನು ನಂಬಿ ಪ್ರಯೋಜನವಿಲ್ಲ, ನಾಯಿಗೇ ಗಡಿ ಕಲಿಸಬೇಕು ಎಂದು ನಿರ್ಧರಿಸಿದರು. ಗಡಿ ಮನೆಯ ಮುಂದೆ ಸಿದ್ಧವಾಗಿಯೇ ಇತ್ತು. ಕಾತ್ಯಾಯಿನಿ ಪ್ರತಿದಿನ ಬೆಳಗ್ಗೆ ನೀರು ಚಿಮುಕಿಸಿ ರಂಗೋಲಿ ಹಾಕಿ, ಅದರ ಕೆಳಗೆ ಗೇಟಿನ ಈ ಕಂಬದಿಂದ ಆ ಕಂಬದವರೆಗೆ ಜೋಡಿ ಗೆರೆ ಎಳೆಯುತ್ತಿದ್ದರು. ಅವರ ತಾಯಿ ಎಳೆಯುತ್ತಿದ್ದುದೂ ಹಾಗೆಯೇ. ಗುಂಡಣ್ಣನವರು ಗೇಟನ್ನು ಅಗಲವಾಗಿ ತೆರೆದು, ಮರಿಗೆ ಸರಪಣಿ ಹಾಕಿ ಆ ಗೆರೆಯ ಮುಂದೆ ನಿಲ್ಲಿಸುವರು. ಅದು ಮೂಗು ಚಾಚಿದರೆ "ಗೆರೆ!" ಎನ್ನುವರು. ಹಿಂದೆ ಸರಿದರೆ ಒಂದು ಚೂರು ಬಿಸ್ಕತ್ತು. ಹೊಡೆಯಲಿಲ್ಲ, ಗದರಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನಕ್ಕು ಹೋಗುತ್ತಿದ್ದರು. ಮಾಗಿಯ ಚಳಿ ಬರುವ ಹೊತ್ತಿಗೆ ಸರಪಣಿ ಬಿಚ್ಚಿ, ಗೆರೆಯಾಚೆ ಕೋಡುಬಳೆ ಇಟ್ಟರೂ ಕೇಸರಿ ಜೊಲ್ಲು ಸುರಿಸುತ್ತ ಈಚೆಯೇ ಕೂತಿರುತ್ತಿತ್ತು.

ಸಂಜೆಗೆ ಗೆರೆ ಮಾಸುತ್ತದಲ್ಲ ಎಂದು ಗುಂಡಣ್ಣನವರು ಒಮ್ಮೆ ಬಿಳಿ ಪೇಂಟು ತಂದು ಬಳಿದರು. ಪೇಂಟಿನ ಗೆರೆಯನ್ನು ಕೇಸರಿ ಗೆರೆಯೆಂದು ಒಪ್ಪಲೇ ಇಲ್ಲ, ಮೂಸಿ ನೋಡಿ ಆರಾಮಾಗಿ ದಾಟಿತು. ಪೇಂಟನ್ನು ಕೆರೆದು ತೆಗೆದದ್ದಾಯಿತು. ಹಾಗಾಗಿ ದೀಪ ಹಚ್ಚುವ ಹೊತ್ತಿನಲ್ಲಿ ಇನ್ನೊಮ್ಮೆ ಗೆರೆ ಎಳೆಯುವ ಕೆಲಸ ಕಾತ್ಯಾಯಿನಿಯ ತಲೆಗೆ ಬಂತು. "ನಾಯೀನ ನೀವು ಸಾಕ್ತಿದೀರೋ ನಾನೋ" ಎಂದು ಗೊಣಗುತ್ತಲೇ ಎಳೆಯುತ್ತಿದ್ದರು. ಮೋತಿಯ ಗತಿ ಇದಕ್ಕೆ ಬರಬಾರದು ಎನ್ನುವುದು ಅವರ ಮನಸ್ಸಿನಲ್ಲೂ ಇತ್ತು, ಬಾಯಲ್ಲಿ ಮಾತ್ರ ಬರುತ್ತಿರಲಿಲ್ಲ.

ತೊಡಕಿದ್ದದ್ದು ವಾಕಿಂಗಿನ ವಿಷಯದಲ್ಲಿ. ಗೆರೆ ದಾಟದ ನಾಯಿಯನ್ನು ಹೊರಗೆ ಕರೆದೊಯ್ಯುವುದು ಹೇಗೆ? ಗುಂಡಣ್ಣನವರು ಅದಕ್ಕೂ ಒಂದು ದಾರಿ ಮಾಡಿಕೊಂಡರು. ಸರಪಣಿ ಹಾಕಿ, ಗೆರೆಯ ಎಡತುದಿಯನ್ನು ಕಾಲಿನ ಹೆಬ್ಬೆರಳಿನಿಂದ ಒಂದು ಗೇಣು ಒರೆಸಿ, "ನಡೀಪ್ಪ" ಎನ್ನುವರು. ಆ ಸಂದಿಯಲ್ಲೇ ಕೇಸರಿ ಹೊರಗೆ ಹೋಗುವುದು, ಆ ಸಂದಿಯಲ್ಲೇ ಒಳಗೆ ಬರುವುದು. ಕಾತ್ಯಾಯಿನಿಗೆ ಇದನ್ನು ಸಹಿಸಲಾಗಲಿಲ್ಲ. ಮೆಟ್ಟಿಲ ಮೇಲೆ ನಿಂತು ದಿನಾ ಬೈಯುತ್ತಿದ್ದರು. "ಲಕ್ಷ್ಮೀನ ಕಾಲಲ್ಲಿ ಒರೆಸ್ತೀರಲ್ರೀ! ಒಳ್ಳೇದಾಗತ್ತಾ ಮನೆಗೆ?"

"ನಾಳೆ ಮತ್ತೆ ಹಾಕ್ತೀಯಲ್ಲ ಕಣೇ" ಎಂದು ಗುಂಡಣ್ಣನವರು ತಿರುಗಿ ನೋಡದೆ ಹೊರಟುಬಿಡುತ್ತಿದ್ದರು. ವರ್ಷಗಟ್ಟಲೆ ಇದೇ ಬೈಗುಳ, ಇದೇ ಉತ್ತರ. ಒಂದು ದಿನ ಬೈಯದೇ ಇದ್ದರೆ ಅವರೇ ಗೇಟಿನ ಹತ್ತಿರ ನಿಂತು, "ಯಾಕೆ, ಹುಷಾರಿಲ್ವಾ?" ಎಂದು ಕೇಳುತ್ತಿದ್ದರು.

ಆ ಶ್ರಾವಣದಲ್ಲಿ, ಊಟ ಮಾಡಿ ಕುರ್ಚಿಯಲ್ಲಿ ಒರಗಿದ್ದ ಗುಂಡಣ್ಣನವರು ಹಾಗೆಯೇ ಹೋಗಿಬಿಟ್ಟರು. ಕಾಫಿ ಹಿಡಿದು ಬಂದ ಕಾತ್ಯಾಯಿನಿ ಎರಡು ಸಲ ಕರೆದರು. ಮೂರನೆಯ ಸಲ ಕರೆಯಲಿಲ್ಲ, ಕಾಫಿ ಲೋಟ ಕೆಳಗಿಟ್ಟರು.

ಬಸವನಗುಡಿಯಿಂದ ಮೈದುನ ವಸಿಷ್ಠ, ಅವನ ಹೆಂಡತಿ ಮಧುಮತಿ ಬಂದು ಮನೆಯಲ್ಲೇ ಉಳಿದರು. ಕರ್ಮ ಮಾಡಬೇಕಾದವನು ವಸಿಷ್ಠನೇ. ಅಣ್ಣನ ಮೇಲೆ ಪ್ರಾಣ ಇಟ್ಟಿದ್ದವನು, ಅದಕ್ಕೇ ಯಾವುದರಲ್ಲೂ ಲೋಪ ಬರಬಾರದೆಂದು ಎಲ್ಲವನ್ನೂ ತೂಗಿ ನೋಡಿ ಮಾಡಿಸುತ್ತಿದ್ದ. ಸೂತಕದ ಮನೆ, ದೇವರಿಗೆ ದೀಪವಿಲ್ಲ, ಬಾಗಿಲಿಗೆ ರಂಗೋಲಿಯಿಲ್ಲ. ಇದು ಯಾರೂ ಯಾರಿಗೂ ಹೇಳಬೇಕಾದ ಮಾತೇ ಅಲ್ಲ. ರಂಗೋಲಿ ಡಬ್ಬಿ ತಾನಾಗಿಯೇ ಗೋಡೆಯ ಗೂಡಿನೊಳಗೆ ಸೇರಿತು.

ಕೇಸರಿಯನ್ನು ಹಿತ್ತಿಲಲ್ಲಿ ಕಟ್ಟಿಹಾಕಿದ್ದರು. ಅದು ಅನ್ನ ಮುಟ್ಟಲಿಲ್ಲ, ಹಗಲೂ ರಾತ್ರಿ ಊಳಿಟ್ಟಿತು. ಕೇಳಲಾರದೆ ಮಧುಮತಿ ಹೋಗಿ ಸರಪಣಿ ಬಿಚ್ಚಿದಳು. ಮಾತಾಡಿಸಲು ಬರುವವರು ಬರುತ್ತಿದ್ದರು, ಹೋಗುವವರು ಹೋಗುತ್ತಿದ್ದರು, ಗೇಟು ಎಂದಿನಂತೆ ಬಾಯಿ ತೆರೆದುಕೊಂಡಿತ್ತು. ನಾಯಿ ಕಾಣುತ್ತಿಲ್ಲವೆಂದು ಗೊತ್ತಾದಾಗ ಸಂಜೆಯಾಗಿತ್ತು.

"ಎಲ್ಲೂ ಹೋಗಲ್ಲ ಅದು. ಮಂಚದ ಕೆಳಗೆ ನೋಡಿ, ಮೇಲೆ ಟ್ಯಾಂಕಿನ ಹತ್ರ ನೋಡಿ" ಎಂದರು ಕಾತ್ಯಾಯಿನಿ. ಒಂಟಿಯಾಗಿ ಅದು ಗೇಟಿನಾಚೆ ಕಾಲಿಟ್ಟದ್ದೇ ಇಲ್ಲ. ಎಲ್ಲ ಕಡೆ ನೋಡಿದರು. ಇರಲಿಲ್ಲ.

ಮಾರನೆಯ ಬೆಳಗ್ಗೆ ನಿದ್ದೆಯಿಲ್ಲದೆ ಎದ್ದ ಕಾತ್ಯಾಯಿನಿ, ಅಭ್ಯಾಸಬಲದಿಂದ ಪೊರಕೆ, ಬಕೆಟ್ಟು ಹಿಡಿದು ಗೇಟಿನ ಹತ್ತಿರ ಹೋದರು. ಬಗ್ಗಿದವರಿಗೆ ಸೂತಕ ನೆನಪಾಗಿ ಕೈ ನಿಂತಿತು. ಎದುರಿಗೆ ಬರೀ ನೆಲ. ಒಂದು ಎಳೆ ಬಿಳುಪಿಲ್ಲ. ಆಗ ಅರ್ಥವಾಯಿತು. ನಾಯಿ ತಪ್ಪು ಮಾಡಿರಲಿಲ್ಲ. ಹೋಗಬೇಡ ಎಂದು ಹೇಳುವ ಗೆರೆಯನ್ನು ಮನೆಯವರೇ ತೆಗೆದುಹಾಕಿದ್ದರು. ಯಜಮಾನ ಎಡತುದಿಯಲ್ಲಿ ಗೇಣಗಲ ಒರೆಸಿದರೆ ಹೊರಡುತ್ತಿದ್ದ ನಾಯಿಗೆ, ಈಗ ಈ ಕಂಬದಿಂದ ಆ ಕಂಬದವರೆಗೆ ಎಲ್ಲವೂ ಒರೆಸಿಹೋಗಿತ್ತು. ಬಾ ಎಂದು ಕರೆದಂತೆಯೇ ಆಯಿತಲ್ಲ. ಕಾತ್ಯಾಯಿನಿ ಬಕೆಟ್ಟನ್ನು ಅಲ್ಲೇ ಇಟ್ಟು, ಚಪ್ಪಲಿ ಮೆಟ್ಟಿದರು.

"ಅತ್ತಿಗೆ, ಎಲ್ಲಿಗೆ?" ವಸಿಷ್ಠ ಓಡಿ ಬಂದ. "ಸೂತಕದಲ್ಲಿ ನೀವು ಬೀದಿ ಸುತ್ತೋದು ಅಂದ್ರೇನು? ಜನ ಏನಂತಾರೆ? ನಾಯಿ ತಾನೆ, ಬರತ್ತೆ ಬಿಡಿ."

"ಮೋತೀನ ಹಾಗೇ ಅಂದ್ಕೊಂಡ್ವಿ" ಎಂದರು ಕಾತ್ಯಾಯಿನಿ. "ನಿಮ್ಮಣ್ಣ ಕಣ್ಣಲ್ಲಿ ಕಣ್ಣಿಟ್ಟು ಸಾಕಿದ ಜೀವ. ಅವರು ಹೋಗಿ ವಾರ ಆಗಿಲ್ಲ, ಅದನ್ನ ಲಾರಿ ಕೆಳಗೆ ಹಾಕ್ಲಾ ನಾನು?"

ವಸಿಷ್ಠ ದಾರಿ ಬಿಟ್ಟ. ಸರಪಣಿಯನ್ನು ಕೈಗೆ ಸುತ್ತಿಕೊಂಡು ಅವರು ಹೊರಟೇಬಿಟ್ಟರು.

ಹೊರಟ ಮೇಲೆ ಗೊತ್ತಾದದ್ದು, ಎಲ್ಲಿಗೆ ಹೋಗಬೇಕೆಂದೇ ತನಗೆ ಗೊತ್ತಿಲ್ಲ ಎಂದು. ಗಂಡ ನಾಯಿಯೊಂದಿಗೆ ಯಾವ ಬೀದಿಯಲ್ಲಿ ಹೋಗುತ್ತಿದ್ದರು, ಎಲ್ಲಿ ಕೂರುತ್ತಿದ್ದರು, ಒಂದು ದಿನವಾದರೂ ಕೇಳಿರಲಿಲ್ಲ. ಮೊದಲು ಕೆರೆಯ ಕಡೆ ನಡೆದರು. ದಾರಿಯಲ್ಲಿ ಮರದ ಕೆಳಗೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಯಲ್ಲಯ್ಯ, ಅವರ ಕೈಯ ಸರಪಣಿಯನ್ನು ನೋಡಿ ತಾನೇ ಮಾತಾಡಿಸಿದ.

"ಕೇಸರೀನ ಹುಡುಕ್ತಿದೀರಾ ಅಮ್ಮಾ? ನಿನ್ನೆ ಬಂದಿತ್ತು, ಒಂದೇ. ಇಲ್ಲಿ ಗಾಡಿ ಪಕ್ಕ ಸ್ವಲ್ಪ ಹೊತ್ತು ಕೂತಿತ್ತು. ದಿನಾ ಸಾರ್ ಜೊತೆ ಕೂರ್ತಿತ್ತಲ್ಲ, ಅದೇ ಜಾಗ. ಸಾರ್ ಎಲ್ಲಿ, ಊರಲ್ಲಿಲ್ವಾ?"

ಕಾತ್ಯಾಯಿನಿ ಹೇಳಿದರು. ಇಷ್ಟು ದಿನ ಫೋನಿನಲ್ಲಿ, ಬಾಗಿಲಲ್ಲಿ ಬೇರೆಯವರೇ ಹೇಳುತ್ತಿದ್ದ ಮಾತನ್ನು ಅವರು ಮೊದಲ ಬಾರಿಗೆ ತಮ್ಮ ಬಾಯಿಂದ ಹೇಳಿದ್ದು ಅಲ್ಲಿ. ಯಲ್ಲಯ್ಯ ಇಸ್ತ್ರಿಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟುಬಿಟ್ಟ.

ಕೆರೆಯ ಹತ್ತಿರದ ಎಳನೀರಿನವನೂ ನಾಯಿಯನ್ನು ನೋಡಿದ್ದ, ಅವನೂ "ಸಾರ್ ಎಲ್ಲಿ" ಎಂದ. ಅವನಿಗೂ ಹೇಳಬೇಕಾಯಿತು. ಕೇಸರಿ ದಿಕ್ಕುಗೆಟ್ಟು ಓಡಿರಲಿಲ್ಲ. ಯಜಮಾನ ಎಲ್ಲೆಲ್ಲಿ ನಿಲ್ಲುತ್ತಿದ್ದರೋ ಅಲ್ಲೆಲ್ಲ ನಿಂತು, ಕಾದು, ಮುಂದಕ್ಕೆ ಹೋಗಿತ್ತು. ಅದು ಹುಡುಕಿದ ದಾರಿಯಲ್ಲೇ ಕಾತ್ಯಾಯಿನಿಯೂ ನಡೆದರು. ಗಂಡನ ಸಾವನ್ನು ಒಬ್ಬೊಬ್ಬರಿಗೂ ತಿಳಿಸುತ್ತ ನಡೆದಂತಾಯಿತು. ಗಂಡನಿಗೆ ಇಷ್ಟೊಂದು ಜನರ ಪರಿಚಯವಿತ್ತೆಂದು ತನಗೆ ಗೊತ್ತಿರಲಿಲ್ಲವಲ್ಲ ಎಂದು ಒಳಗೊಳಗೇ ಸಂಕಟವಾಯಿತು.

ಭಾನುವಾರಗಳಲ್ಲಿ ಸಾರಕ್ಕಿ ಕೆರೆಯವರೆಗೂ ಹೋಗುತ್ತಿದ್ದರಂತೆ. ಎಳನೀರಿನವನು ಹೇಳಿದ ಮಾತು ಹಿಡಿದು, ಆಟೋ ಮಾಡಿಕೊಂಡು ಕಾತ್ಯಾಯಿನಿ ಸಾರಕ್ಕಿ ಮಾರ್ಕೆಟ್ಟಿನ ಹತ್ತಿರ ಇಳಿದರು. ರಿಂಗ್ ರೋಡಿನಲ್ಲಿ ಲಾರಿಗಳು ಒಂದರ ಬಾಲ ಇನ್ನೊಂದು ಹಿಡಿದು ಹೋಗುತ್ತಿದ್ದವು. ರಸ್ತೆಯ ಅಂಚನ್ನು ನೋಡಲು ಭಯ, ನೋಡದೇ ಇರಲೂ ಭಯ.

ಫುಟ್‌ಪಾತಿನಲ್ಲಿ ಸೇವಂತಿಗೆ ಹಾರ ಇಟ್ಟುಕೊಂಡು ಕೂತಿದ್ದ ಸೀತಮ್ಮ ಸುದ್ದಿ ಕೇಳಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ, ಆ ಸಾರಾ? ಈ ರೋಡಲ್ಲಿ ನಾಯೀನ ಒಂದು ಸಲಾನೂ ನಡ್ಸಿಲ್ಲಮ್ಮ ಅವ್ರು. ಅಷ್ಟು ದಪ್ಪ ನಾಯೀನ ಮಗು ಥರ ಎತ್ಕೊಂಡು ದಾಟ್ತಿದ್ರು. ನಾವೆಲ್ಲ ನಗ್ತಿದ್ವಿ."

ಸೊಂಟನೋವೆಂದು ಭಾನುವಾರ ರಾತ್ರಿ ಗಂಡ ಮುಲಾಮು ಹಚ್ಚಿಸಿಕೊಳ್ಳುತ್ತಿದ್ದುದು ಕಾತ್ಯಾಯಿನಿಗೆ ನೆನಪಾಯಿತು. ಯಾಕೆ ನೋವು ಎಂದರೆ ವಯಸ್ಸಾಯ್ತು ಎನ್ನುತ್ತಿದ್ದರು. "ನಾಯೀನ ನೋಡಿದ್ಯೇನಮ್ಮ?" ಎಂದು ಕೇಳಿದರು.

"ನಮ್ಮ ಕೇಸರಿ ಅಂತ ಗೊತ್ತಾಗ್ಲಿಲ್ಲಮ್ಮ, ಮೈಯೆಲ್ಲ ಕೊಚ್ಚೆ. ಬೆಳಗ್ಗೆ ಆ ಕಡೆ ಹೊಸ ಲೇಔಟಲ್ಲಿ ಗೃಹಪ್ರವೇಶದ ಮನೆಗೆ ಹೂವು ಕೊಡಕ್ಕೆ ಹೋಗಿದ್ದೆ. ಅಲ್ಲೊಂದು ನಾಯಿ ಒಳಗೆ ಸೇರ್ಕೊಂಡು ಹೊರಗೇ ಹೋಗ್ತಿಲ್ಲ ಅಂತ ಹೊಡೀತಿದ್ರು. ಕೆಂಪು ಬೆಲ್ಟ್ ಇತ್ತು."

ಕೆಂಪು ಬೆಲ್ಟು ಗುಂಡಣ್ಣನವರೇ ತಂದು ಹಾಕಿದ್ದು. ಸೀತಮ್ಮ ದಾರಿ ಹೇಳಿ ಮುಗಿಸುವ ಮೊದಲೇ ಕಾತ್ಯಾಯಿನಿ ಸರಸರ ಹೊರಟಿದ್ದರು.

ಮನೆ ಹುಡುಕುವುದು ಕಷ್ಟವಾಗಲಿಲ್ಲ, ಬೀದಿಗೆ ಶಾಮಿಯಾನ ಹಾಕಿದ್ದರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದು ಈಗ ಸ್ವಂತ ಮನೆ ಕಟ್ಟಿಸಿದ, ವಿಜಾಪುರದ ಕಡೆಯ ಭೀಮಪ್ಪ ಮತ್ತು ತಂಗೆವ್ವನ ಮನೆ. ಕಾಂಪೌಂಡಿನ ಕಂಬಗಳಿಗೆ ಬಾಳೆಗಿಡ ಕಟ್ಟಿತ್ತು, ಗೇಟು ಇನ್ನೂ ಕೂರಿಸಿರಲಿಲ್ಲ. ರಾತ್ರಿ ಆ ಬಯಲು ಬಾಗಿಲಿನಿಂದ ಕೇಸರಿ ಒಳಗೆ ಸೇರಿ ಮಲಗಿರಬೇಕು. ಬೆಳಗ್ಗೆ ತಂಗೆವ್ವ ಎದ್ದು ಎರಡು ಕಂಬಗಳ ನಡುವೆ ತುಂಬು ರಂಗೋಲಿ ಬಿಡಿಸಿ, ಕೆಮ್ಮಣ್ಣಿನ ಅಂಚು ಕಟ್ಟಿ, ಅದರ ಕೆಳಗೆ ಜೋಡಿ ಗೆರೆ ಎಳೆದಿದ್ದಳು.

ಭೀಮಪ್ಪನ ತಮ್ಮ ಹನಮಂತ ಕೋಲು ಬೀಸುತ್ತಿದ್ದ. ಹೊರಗೆ ಹೋಗಲಿ ಎಂದು ದಾರಿ ಬಿಟ್ಟೇ ಹೊಡೆಯುತ್ತಿದ್ದ, ಕ್ರೂರಿಯೇನಲ್ಲ. ಏಟು ಬಿದ್ದಾಗಲೆಲ್ಲ ಕೇಸರಿ ಗೆರೆಯವರೆಗೆ ಓಡಿ ಬರುತ್ತಿತ್ತು. ಅಲ್ಲಿ ನಾಲ್ಕೂ ಕಾಲು ಊರಿ ನಿಲ್ಲುತ್ತಿತ್ತು. ಆಮೇಲೆ ತಿರುಗಿ ಕೋಲಿನ ಕಡೆಗೇ ಹೋಗುತ್ತಿತ್ತು. ಒಂದು ಕಿವಿ ಹರಿದು ರಕ್ತ ಒಸರುತ್ತಿತ್ತು.

"ನಿಲ್ಸಪ್ಪಾ!" ಕಾತ್ಯಾಯಿನಿ ಕೂಗಿದರು. "ಹೊಡೀಬೇಡ, ನಮ್ಮ ನಾಯಿ ಅದು!"

ಧ್ವನಿ ಕೇಳಿದ ಕೇಸರಿ ಗೆರೆಯ ಹತ್ತಿರ ಓಡಿ ಬಂದು ಕೂತು, ಬಾಲದಿಂದ ನೆಲ ಬಡಿಯುತ್ತ ಕುಂಯ್‌ಗುಟ್ಟಿತು. ದಾಟಲಿಲ್ಲ.

"ನಿಮ್ದೇನ್ರೀ ಇದು?" ಹನಮಂತ ಹಣೆ ಒರೆಸಿಕೊಂಡ. "ಎಂಥಾ ನಾಯಿರೀ ಯವ್ವಾ! ಎಷ್ಟ್ ಹೊಡದ್ರೂ ಹೊರಗ ಹೋಗವಲ್ದು. ಆಕಳಾ ಬರೋ ಹೊತ್ತಾತು, ಇದು ಬೊಗಳಿದ್ರ ಅದು ಬೆದರತೈತಿ. ಲಗೂನ ಕರಕೊಂಡ್ ಹೋಗ್ರಿ."

ಒಳಗಿನಿಂದ ತಂಗೆವ್ವ ಬಂದಳು. ಹೊಸ ಇಳಕಲ್ ಸೀರೆ, ಮುಡಿ ತುಂಬ ಹೂವು. "ಬರ್ರಿ ಒಳಗ, ಬಂದು ಕರಕೊಂಡ್ ಹೋಗ್ರಿ. ಹಂಗ ನಿಂತೀರಲ್ಲ?"

ಕಾತ್ಯಾಯಿನಿ ನಿಂತಲ್ಲಿಂದ ಕದಲಲಿಲ್ಲ. ಅವರ ಹಣೆಯಲ್ಲಿ ಕುಂಕುಮ ಇತ್ತು, ಅದನ್ನು ತೆಗೆಯುವ ದಿನ ಇನ್ನೂ ಬಂದಿರಲಿಲ್ಲ. ನೋಡಿದವರಿಗೆ ಏನೂ ತಿಳಿಯುವಂತಿರಲಿಲ್ಲ. ಸುಮ್ಮನೆ ಎರಡು ಹೆಜ್ಜೆ ಇಟ್ಟು ಕೆಲಸ ಮುಗಿಸಿಕೊಂಡು ಹೋಗಬಹುದಿತ್ತು. ಆದರೆ ಯಾರೋ ಕಷ್ಟಪಟ್ಟು ಕಟ್ಟಿದ ಮನೆ, ಮೊದಲ ದಿನ. ಮುಚ್ಚಿಟ್ಟು ಅದರ ಹೊಸಿಲಲ್ಲಿ ನಿಲ್ಲಲು ಅವರಿಂದ ಆಗಲಿಲ್ಲ.

"ನಾನು ಒಳಗೆ ಬರೋ ಹಾಗಿಲ್ಲಮ್ಮ" ಎಂದರು. "ಸೂತಕ. ನಮ್ಮ ಯಜಮಾನರು ತೀರ್ಕೊಂಡ್ರು. ಮೊನ್ನೆ ಮೊನ್ನೆ."

ಶಾಮಿಯಾನದಲ್ಲಿ ಯಾರೋ ಹೆಂಗಸು ಮಗುವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾಯಿಗೆ ರಂಗೋಲಿ ದಾಟಬಾರದು ಅಂತ ಕಲಿಸಿದ್ರು ಅವರು. ಗೇಟು ತೆರೆದಿದ್ರೂ ರಸ್ತೆಗೆ ಹೋಗ್ಬಾರ್ದು ಅಂತ. ಅದಕ್ಕೇ ಏಟು ತಿಂದ್ರೂ ಬರ್ತಿಲ್ಲ. ಆ ಎಡತುದೀಲಿ ಒಂದು ಗೇಣು ಒರೆಸಿದ್ರೆ ಬರತ್ತೆ. ನೀವೇ ಒರೆಸಿಬಿಡಿ, ನಾನು ಮುಟ್ಟೋದು ಬೇಡ."

ತಂಗೆವ್ವ ಬಗ್ಗಿ ಕೈಯಿಂದ ಗೆರೆಯ ತುದಿಯನ್ನು ಒರೆಸಿದಳು. ಕೇಸರಿ ಅವಳ ಕೈ ನೋಡಿತು, ಕಾತ್ಯಾಯಿನಿಯ ಮುಖ ನೋಡಿತು, ಕೂತೇ ಇತ್ತು. ಹನಮಂತ ಹಿಂದಿನಿಂದ ನೂಕಿದ. ಅದು ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ ಮಲಗಿತು.

"ಕಾಲಲ್ಲಿ ಒರೆಸ್ಬೇಕು" ಎಂದರು ಕಾತ್ಯಾಯಿನಿ. ತಲೆ ಎತ್ತಲಾಗಲಿಲ್ಲ. "ಅವರು ಕಾಲಲ್ಲೇ ಒರೆಸ್ತಿದ್ದಿದ್ದು."

ಗೃಹಪ್ರವೇಶದ ದಿನ ತಾನೇ ಬಿಡಿಸಿದ ರಂಗೋಲಿಗೆ ಕಾಲು ತಾಗಿಸುವುದೆಂದರೆ! ತಂಗೆವ್ವ ತನ್ನ ಪಾದ ನೋಡಿಕೊಂಡಳು, ಎತ್ತಲು ಮನಸ್ಸು ಬರಲಿಲ್ಲ. "ಬ್ಯಾಡ ವೈನಿ" ಎಂದು ಹನಮಂತ ಅತ್ತಿಗೆಗೆ ಮೆಲ್ಲಗೆ ಹೇಳಿದ. ಭೀಮಪ್ಪ ಒಳಗಿನಿಂದ "ಏನಾತು?" ಎಂದು ಕೂಗಿದ. ತಂಗೆವ್ವ ನಾಯಿಯ ಹರಿದ ಕಿವಿಯನ್ನು ನೋಡಿದಳು.

"ನೀವ ಒರಸ್ರಿ ಯವ್ವಾ" ಎಂದಳು ಕೊನೆಗೆ.

"ಸೂತಕಮ್ಮ ನನಗೆ..."

"ಕೇಳಸೇತ್ರಿ. ನಾ ಹಾಕಿದ ರಂಗೋಲಿ ಒಂದು ಜೀವಾ ಕಟ್ಟಿ ಹಾಕೇತಿ. ಅದನ್ನ ಬಿಡಿಸಿದ್ರ ನನ್ನ ಮನಿಗಿ ಕೆಡಕ ಹ್ಯಾಂಗಾದೀತು? ಒರಸ್ರಿ. ನಾ ಮತ್ತ ಹಾಕ್ತೀನಿ."

ಮತ್ತೆ ಹಾಕ್ತೀನಿ. ಎಷ್ಟು ವರ್ಷ ಕೇಳಿ ಕೇಳಿ ರೇಗಿದ್ದ ಮಾತು! ಕಾತ್ಯಾಯಿನಿ ಚಪ್ಪಲಿ ಬಿಟ್ಟರು. ಹೆಬ್ಬೆರಳನ್ನು ಗೆರೆಯ ಮೇಲಿಟ್ಟರು. ಕಣ್ಣು ಮುಚ್ಚಿ ಒಂದು ಗೇಣು ಒರೆಸಿ, "ನಡೀಪ್ಪ" ಎಂದರು. ಕೇಸರಿ ಎದ್ದು, ಆ ಸಂದಿಯಲ್ಲೇ ಮೈ ಕುಗ್ಗಿಸಿಕೊಂಡು ಹೊರಗೆ ಬಂದು, ಅವರ ಪಾದಗಳ ನಡುವೆ ತಲೆಯಿಟ್ಟಿತು. ಗಂಡ ಹೋದಾಗಿನಿಂದ ಎಲ್ಲರ ಮುಂದೆ ಕಲ್ಲಿನಂತೆ ಕೂತಿದ್ದ ಕಾತ್ಯಾಯಿನಿ, ಗುರುತಿಲ್ಲದ ಆ ಬೀದಿಯಲ್ಲಿ ನೆಲದ ಮೇಲೆ ಕುಸಿದು, ನಾಯಿಯ ಕೊಚ್ಚೆ ಮೈಯನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ತಂಗೆವ್ವ ರಂಗೋಲಿ ಬಟ್ಟಲು ಹಿಡಿದು, ಅವರ ಅಳು ಮುಗಿಯುವವರೆಗೂ ಕಾದಳು.

ಸಂಜೆ ಮನೆಯಲ್ಲಿ ಕಿವಿಗೆ ಅರಿಶಿನ ಮೆತ್ತಿಸಿಕೊಂಡು ಕೇಸರಿ ಮಲಗಿತ್ತು. ದೀಪ ಹಚ್ಚುವ ಹೊತ್ತಿಗೆ ಕಾತ್ಯಾಯಿನಿ ಗೂಡಿನಿಂದ ಡಬ್ಬಿ ತೆಗೆದುಕೊಂಡು ಗೇಟಿನ ಹತ್ತಿರ ಹೋದರು. ರಂಗೋಲಿ ಬಿಡಿಸಲಿಲ್ಲ. ಬಗ್ಗಿ, ಈ ಕಂಬದಿಂದ ಆ ಕಂಬದವರೆಗೆ ಜೋಡಿ ಗೆರೆ ಮಾತ್ರ ಎಳೆದರು.

"ಅತ್ತಿಗೆ!" ವಸಿಷ್ಠನ ಧ್ವನಿಯಲ್ಲಿ ಗಾಬರಿಯಿತ್ತು. "ಸೂತಕ ಕಳೆದಿಲ್ಲ..."

"ಗೊತ್ತು ವಸಿಷ್ಠ. ಪಾಪ ಬಂದ್ರೆ ನನಗೇ ಬರ್ಲಿ. ಇದನ್ನ ಕಳ್ಕೊಂಡ್ರೆ ನಾಳೆ ನಿಮ್ಮಣ್ಣಂಗೆ ಏನಂತ ಹೇಳ್ಲಿ?"

ವಸಿಷ್ಠ ಗೆರೆ ತುಳಿಯದಂತೆ ಹೆಜ್ಜೆಯೆತ್ತಿ ದಾಟಿ ಹೋಗಿ, ಗೇಟಿನ ಚಿಲಕ ಹಾಕಿ ಬಂದ.

ಬೆಳಗ್ಗೆ ಎಂದಿನ ಹೊತ್ತಿಗೆ ಕೇಸರಿ ಸರಪಣಿಯನ್ನು ಬಾಯಲ್ಲಿ ಕಚ್ಚಿಕೊಂಡು ಕುರ್ಚಿಯ ಮುಂದೆ ನಿಂತಿತ್ತು. ಕುರ್ಚಿ ಖಾಲಿ. ಕಾತ್ಯಾಯಿನಿ ಅದರ ಬಾಯಿಂದ ಸರಪಣಿ ಬಿಡಿಸಿ, ಕತ್ತಿಗೆ ಹಾಕಿ, ಗೇಟಿನವರೆಗೆ ನಡೆದರು. ಗೆರೆಯ ಎಡತುದಿಗೆ ಹೆಬ್ಬೆರಳು ಇಟ್ಟು ಒರೆಸಿದರು. ಒರೆಸಿ, ತಮಗೇ ಗೊತ್ತಿಲ್ಲದೆ ಒಂದು ಕ್ಷಣ ಕಾದು ನಿಂತರು. ತಿರುಗಿ ಮೆಟ್ಟಿಲ ಕಡೆ ನೋಡಿದರು. ಬೈಯುವವರು ಯಾರೂ ಇರಲಿಲ್ಲ.

"ನಾಳೆ ಮತ್ತೆ ಹಾಕ್ತೀನಿ" ಎಂದು ಆ ಖಾಲಿ ಮೆಟ್ಟಿಲಿಗೆ ಹೇಳಿ, ಕಾತ್ಯಾಯಿನಿ ನಾಯಿಯ ಜೊತೆ ಕೆರೆಯ ಕಡೆ ಹೊರಟರು.